ಪಾದರಸ ಚೆಲ್ಲಿದರೆ ಪೊರಕೆ ಹಿಡೀಬೇಡಿ: ನಿಯಮ ಬಂತು, ಒಡೆದ ಥರ್ಮಾಮೀಟರ್ ಕೊಡೋದು ಎಲ್ಲಿಗೆ?

ನಿಡಘಟ್ಟ (ಮದ್ದೂರು ತಾ.): ಜ್ವರ ನೋಡುವ ಗಾಜಿನ ಥರ್ಮಾಮೀಟರ್ ಕೈಜಾರಿ ಒಡೆದರೆ ಹೆಚ್ಚಿನ ಮನೆಗಳಲ್ಲಿ ಆಗೋದು ಒಂದೇ. ಪೊರಕೆಯಲ್ಲಿ ಗುಡಿಸಿ ಚರಂಡಿಗೋ ತಿಪ್ಪೆಗೋ ಹಾಕೋದು. ಮಕ್ಕಳಿದ್ದರೆ ಆ ಬೆಳ್ಳಿ ಗುಂಡುಗಳನ್ನು ಅಂಗೈಲಿ ಉರುಳಿಸಿ ಆಡೋದು. ಎರಡೂ ಅಪಾಯ.

ಒಂದು ಥರ್ಮಾಮೀಟರ್‌ನಲ್ಲಿ ಇರೋದು ಸುಮಾರು ಒಂದು ಗ್ರಾಂ ಪಾದರಸ, ಅಷ್ಟೇ. ಆದರೆ ಅದು ಕೋಣೆಯ ಬಿಸಿಗೇ ಆವಿಯಾಗುತ್ತೆ. ಆವಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮುಚ್ಚಿದ ಕೋಣೆಯಲ್ಲಿ ದಿನಗಟ್ಟಲೆ ಉಸಿರಾಡಿದರೆ ಮಿದುಳು, ಮೂತ್ರಪಿಂಡಕ್ಕೆ ಪೆಟ್ಟು. ಪೊರಕೆ ಆಡಿಸಿದರೆ ಒಂದು ಗುಂಡು ನೂರಾಗಿ ಸಂದಿಗೊಂದಿ ಸೇರುತ್ತೆ.

ಹೀಗೆ ಮಾಡಿ

ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆಗೆಯಿರಿ, ಫ್ಯಾನ್ ಆರಿಸಿ. ಚಿನ್ನದ ಉಂಗುರ, ಬಳೆ ಬಿಚ್ಚಿಡಿ. ಪಾದರಸ ತಾಕಿದ ಚಿನ್ನ ಬೆಳ್ಳಗಾಗುತ್ತೆ ಅನ್ನೋದು ಅಕ್ಕಸಾಲಿಗರಿಗೆ ಗೊತ್ತಿರೋ ಮಾತೇ. ಕೈಗೆ ಗ್ಲೌಸ್ ಹಾಕಿ, ಎರಡು ರಟ್ಟಿನ ಚೂರಿಂದ ಗುಂಡುಗಳನ್ನು ಒಟ್ಟುಮಾಡಿ, ಸೂಜಿ ಇಲ್ಲದ ಸಿರಿಂಜ್‌ನಲ್ಲಿ ಎಳೆದು, ತುಸು ನೀರಿರುವ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿ. ಸಣ್ಣ ಹನಿಗಳಿಗೆ ಅಂಟು ಟೇಪ್ ಒತ್ತಿ. ಟಾರ್ಚ್ ನೆಲಕ್ಕೆ ಅಡ್ಡ ಹಿಡಿದರೆ ಉಳಿದ ಗುಂಡು ಹೊಳೆಯುತ್ತೆ. ವ್ಯಾಕ್ಯೂಮ್ ಕ್ಲೀನರ್ ಬೇಡ, ಚರಂಡಿಗೆ ಹಾಕೋದು ಬೇಡ, ಸುಡೋದಂತೂ ಬೇಡವೇ ಬೇಡ.

ಆಮೇಲೆ ಬಾಟಲಿ ಎಲ್ಲಿಗೆ?

ಅಸಲಿ ಪ್ರಶ್ನೆ ಇದು. ಮನೆಯ ಒಡೆದ ಪಾದರಸದ ಥರ್ಮಾಮೀಟರ್ ಅಪಾಯಕಾರಿ ಕಸ ಅಂತ 2016ರ ಘನತ್ಯಾಜ್ಯ ನಿಯಮವೇ ಹೇಳಿತ್ತು. ಏಪ್ರಿಲ್ 1, 2026ರಿಂದ ಜಾರಿಯ ಹೊಸ ನಿಯಮದಲ್ಲಿ ಕಸ ನಾಲ್ಕು ಬಗೆ: ಹಸಿ, ಒಣ, ಸ್ಯಾನಿಟರಿ ಮತ್ತು ವಿಶೇಷ ಕಾಳಜಿಯ ಕಸ. ಥರ್ಮಾಮೀಟರ್, ಬಲ್ಬು, ಪೇಂಟ್ ಡಬ್ಬ, ಹಳೇ ಔಷಧಿ ನಾಲ್ಕನೆಯದು. ಅದನ್ನು ಅಧಿಕೃತ ಏಜೆನ್ಸಿ ಒಯ್ಯಬೇಕು, ಇಲ್ಲವೇ ಗೊತ್ತುಪಡಿಸಿದ ಕೇಂದ್ರಕ್ಕೆ ಕೊಡಬೇಕು. ಹತ್ತು ವರ್ಷದಿಂದ ಕಾಗದದಲ್ಲಿರುವ ಮಾತು ಊರಿಗೆ ಇಳಿಯಬೇಕಾದರೆ, ಆ ಕೇಂದ್ರ ಎಲ್ಲಿದೆ ಅಂತ ಪಂಚಾಯಿತಿ ಬೋರ್ಡಿನಲ್ಲಿ ಬರೆದಿರಬೇಕು.

ಇದು ಬರೀ ಜ್ವರದ ಮಾತಲ್ಲ. ಮದ್ದೂರು, ಮಳವಳ್ಳಿ ರೇಷ್ಮೆ ಸೀಮೆ. ಹುಳು ಮನೆಯಲ್ಲಿ ಶಾಖ, ತೇವ ನೋಡುವ ಜೋಡಿ ಥರ್ಮಾಮೀಟರ್‌ನಲ್ಲೂ ಬೆಳ್ಳಿ ಬಣ್ಣದ ರಸ ಇದ್ದರೆ ಅದು ಪಾದರಸ, ಕೆಂಪಗಿದ್ದರೆ ಸ್ಪಿರಿಟ್. ಎಲೆಕ್ಟ್ರಿಕಲ್ ಅಂಗಡಿ ಮೂಲೆಯ ಕೆಟ್ಟ ಟ್ಯೂಬ್‌ಲೈಟ್, ಸಿಎಫ್ಎಲ್‌ನಲ್ಲೂ ಸ್ವಲ್ಪ ಪಾದರಸ ಇರುತ್ತೆ.

ಪಕ್ಕದ ತಮಿಳುನಾಡಿನ ಕೊಡೈಕೆನಾಲ್‌ನಲ್ಲಿ ಥರ್ಮಾಮೀಟರ್ ಕಾರ್ಖಾನೆ ಪಾದರಸದ ಕಸದ ಗಲಾಟೆಯಲ್ಲೇ 2001ರಲ್ಲಿ ಮುಚ್ಚಿತು. ಕಾರ್ಮಿಕರಿಗೆ ಪರಿಹಾರದ ಒಪ್ಪಂದ ಆಗಿದ್ದು 2016ರಲ್ಲಿ. ಚೆಲ್ಲಿದ್ದನ್ನು ಬಾಚೋದು ಅಷ್ಟು ಕಷ್ಟ.

ಮನೆಯವರು ಮುಂದಿನ ಸಲ ಡಿಜಿಟಲ್ ಕೊಳ್ಳಲಿ. ಪಂಚಾಯಿತಿಯೂ ಕಸದ ಗಾಡಿಯಲ್ಲಿ ನಾಲ್ಕನೇ ಕಸಕ್ಕೆ ಮುಚ್ಚಳ ಇರುವ ಒಂದು ಡಬ್ಬಿ ಇಡಲಿ. ಅಲ್ಲಿವರೆಗೆ ಬಾಟಲಿ ಮೇಲೆ ‘ಪಾದರಸ’ ಅಂತ ಬರೆದು, ಮಕ್ಕಳ ಕೈಗೆ ಸಿಗದ ಹಾಗೆ, ಮನೆಯಿಂದಾಚೆ ನೆರಳಲ್ಲಿಡಿ.