ಹೊಗೆಯೊಡನೆ ಹೋಗುವ ನೀರು

೨೦೨೪ನೆಯ ಜನವರಿ ೧ರಂದು ಶ್ರೀಹರಿಕೋಟೆಯಿಂದ ಹಾರಿದ ಪಿ.ಎಸ್.ಎಲ್.ವಿ. ಸಿ-೫೮ ರಾಕೆಟ್ಟಿನ ಕೊನೆಯ ಹಂತದಲ್ಲಿ ಇಸ್ರೋ ಸಂಸ್ಥೆಯವರು ಒಂದು ಇಂಧನಕೋಶವನ್ನಿಟ್ಟು, ಅದರಿಂದ ೧೮೦ ವಾಟ್ ವಿದ್ಯುಚ್ಛಕ್ತಿಯನ್ನು ಪಡೆದರು. ಇಂಥ ಕೋಶದಲ್ಲಿ ಜಲಜನಕವು ಆಮ್ಲಜನಕದೊಡನೆ ಕೂಡಿ, ವಿದ್ಯುತ್ತನ್ನಿತ್ತು, ತಾನು ನೀರಾಗುತ್ತದೆ. ಒಂದು ಕಿಲೋ ಜಲಜನಕಕ್ಕೆ ಒಂಬತ್ತು ಕಿಲೋ ನೀರು. ಅಪೊಲೊ ನೌಕೆಗಳಲ್ಲಿ ಚಂದ್ರನತ್ತ ಹೋದವರು ಕುಡಿದದ್ದು ಈ ನೀರನ್ನೇ. ನೆಲದ ಮೇಲಾದರೋ ಕೋಶಕ್ಕೆ ಗಾಳಿಯನ್ನು ಊದುವುದರಿಂದ ನೀರು ಆವಿಯಾಗಿ ಆ ಗಾಳಿಯೊಡನೆ ಹೊರಬೀಳುತ್ತದೆ. ಅದನ್ನು ತಂಪುಗೊಳಿಸಿದಷ್ಟೂ ನೀರು ಮರಳಿ ಕೈಸೇರುತ್ತದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ನಮ್ಮ ವಾಚಕರಿಗೆ ಈ ಮಾತೇಕೆ? ಅವರ ಸಕ್ಕರೆ ಕಾರಖಾನೆಗಳ ಹೊಗೆಕೊಳವೆಗಳಲ್ಲಿಯೂ ಇದೇ ಬಗೆಯ ನೀರು ಹೊರಟುಹೋಗುತ್ತಿದೆ, ಅದಕ್ಕಾಗಿ. ೧೯೩೯ರಲ್ಲಿ ಸ್ಥಾಪಿತವಾದ ಉಗಾರದ ಕಾರಖಾನೆಯಿಂದ ಮೊದಲ್ಗೊಂಡು ಈ ಭಾಗದಲ್ಲಿ ಕಬ್ಬು ಅರೆಯುವ ಗಿರಣಿಗಳು ಒಂದೆರಡಲ್ಲ; ಕಬ್ಬಿನ ಸಿಪ್ಪೆಯನ್ನು ಉರಿಸಿ ವಿದ್ಯುತ್ತನ್ನು ಮಾರುವವೂ ಅವುಗಳಲ್ಲಿವೆ. ಕಬ್ಬಿನ ತೂಕದಲ್ಲಿ ನೂರಕ್ಕೆ ಎಪ್ಪತ್ತರಷ್ಟು ನೀರೇ. ರಸ ಕುದಿಸುವಾಗ ಏಳುವ ಉಗಿಯನ್ನು ತಣಿಸಿ ಪುನಃ ಬಳಸುವ ರೂಢಿ ಗಿರಣಿಗಳಲ್ಲಿ ಮೊದಲಿನಿಂದಲೂ ಇದೆ; ಅದು ಮೆಚ್ಚತಕ್ಕದ್ದೇ. ಆದರೆ ಒಲೆಗೆ ಬೀಳುವ ಸಿಪ್ಪೆಯ ನೀರಿನ ಲೆಕ್ಕವನ್ನು ಕೇಳುವವರಿಲ್ಲ.

ಆ ಲೆಕ್ಕವನ್ನು ನಾವೇ ಹಾಕಿ ನೋಡೋಣ. ನೂರು ಟನ್ ಕಬ್ಬಿಗೆ ಸುಮಾರು ೩೦ ಟನ್ ಸಿಪ್ಪೆ. ಅದರಲ್ಲಿ ಅರ್ಧ ತೇವ. ಉಳಿದ ಒಣ ಭಾಗದೊಳಗಿನ ಜಲಜನಕವು ಉರಿದು, ಇಂಧನಕೋಶದಲ್ಲಿ ಆಗುವಂತೆಯೇ, ಇನ್ನೂ ಏಳೆಂಟು ಟನ್ ನೀರಾಗುತ್ತದೆ. ಸಿಪ್ಪೆಯೆಲ್ಲ ಉರಿದರೆ ೨೦ ಟನ್ನಿಗೂ ಹೆಚ್ಚು ನೀರು ಆವಿಯಾಗಿ ಆಕಾಶಕ್ಕೆ ಸಲ್ಲುತ್ತದೆ. ದಿನಕ್ಕೆ ೫,೦೦೦ ಟನ್ ಅರೆಯುವ ಗಿರಣಿಯೊಂದರಿಂದ ಹತ್ತು ಲಕ್ಷ ಲೀಟರು! ಅರ್ಧವೇ ದಕ್ಕಿತೆನ್ನಿ: ತಲೆಗೆ ೫೫ ಲೀಟರಿನಂತೆ ಒಂಬತ್ತು ಸಾವಿರ ಜನರ ಒಂದು ದಿನದ ನೀರು.

ಇದು ಸುಲಭವೆಂದು ನಾವು ಹೇಳುವುದಿಲ್ಲ. ಹೊಗೆಯನ್ನು ಬಹಳಷ್ಟು ತಣಿಸಬೇಕು, ದೊರೆತ ನೀರಿನಿಂದ ಬೂದಿಯನ್ನೂ ಆಮ್ಲವನ್ನೂ ಕಳೆಯಬೇಕು. ಸ್ವೀಡನ್, ಡೆನ್ಮಾರ್ಕ್ ದೇಶಗಳಲ್ಲಿ ಕಟ್ಟಿಗೆಯ ಚೂರುಗಳನ್ನು ಉರಿಸುವ ಸ್ಥಾವರಗಳು ಹೊಗೆಯ ಆವಿಯನ್ನು ತಣಿಸುತ್ತಲೇ ಇವೆ. ಅಲ್ಲಿಯ ಚಳಿ ನಮ್ಮಲ್ಲಿಲ್ಲ ನಿಜ, ಆದರೆ ಕಬ್ಬು ಅರೆಯುವ ಹಂಗಾಮು ಬೀಳುವುದೂ ಮಾಗಿಯ ತಂಪಿನಲ್ಲಿಯೇ. ಆ ನೀರು ಕುಡಿಯಲು ಬಾರದಿದ್ದರೂ ಚಿಂತೆಯಿಲ್ಲ. ಯಂತ್ರಗಳನ್ನು ತಂಪಿಡಲು ಒದಗಿದರೆ ಸಾಕು, ಅಷ್ಟು ನೀರನ್ನು ಹೊಳೆಯಿಂದ ಎತ್ತುವುದು ತಪ್ಪೀತು.

ಹೊಳೆಯ ಪಾಡನ್ನು ಈ ತಾಲೂಕುಗಳವರಿಗೆ ನಾವು ಹೇಳಬೇಕಾಗಿಲ್ಲ. ೨೦೧೯ರ ಬೇಸಗೆಯಲ್ಲಿ ಕೃಷ್ಣೆಯ ಪಾತ್ರ ಒಣಗಿ, ಕೊಯ್ನೆಯ ನೀರಿಗಾಗಿ ಮಹಾರಾಷ್ಟ್ರದ ಮುಂದೆ ಕೈಯೊಡ್ಡಬೇಕಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಮಹಾಪೂರ ಬಂದು ಮನೆಗಳನ್ನು ಕೊಚ್ಚಿತು. ನೆರೆಯವರ ಔದಾರ್ಯವನ್ನು ಕಾಯುವ ಸರಕಾರವು ತನ್ನ ಮನೆಯ ಸೋರಿಕೆಯನ್ನೂ ಒಮ್ಮೆ ನೋಡಬಾರದೇ? ಅರೆಯುವ ಶಕ್ತಿಯನ್ನು ಹೆಚ್ಚಿಸಲು ಪರವಾನಗಿ ಬೇಡುವ ಪ್ರತಿಯೊಂದು ಕಾರಖಾನೆಯೂ, ಹೊಳೆಯಿಂದ ಎತ್ತಿದ, ಪುನಃ ಬಳಸಿದ, ಹೊಗೆಯಲ್ಲಿ ಬಿಟ್ಟ ನೀರಿನ ಲೆಕ್ಕವನ್ನು ವರ್ಷವರ್ಷವೂ ಪ್ರಕಟಿಸಲೇಬೇಕೆಂದು ವಿಧಿಸತಕ್ಕದ್ದು. ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯು ಈ ಐದು ತಾಲೂಕುಗಳ ಯಾವುದಾದರೊಂದು ಗಿರಣಿಯ ಹೊಗೆಕೊಳವೆಯಲ್ಲಿ, ಬರುವ ಹಂಗಾಮಿನಲ್ಲಿಯೇ ಈ ಪ್ರಯೋಗವನ್ನು ನಡೆಸಿ, ತಗಲಿದ ವೆಚ್ಚವನ್ನೂ ದೊರೆತ ನೀರನ್ನೂ ಜನರ ಮುಂದಿಡಲಿ.