ಬಿಲ್ಲಿನಲ್ಲಿದ್ದ ಇನ್ನೊಂದು ಸ್ಕ್ಯಾನ್

ಹೋದ ವರ್ಷ ಅಜ್ಜನ ಬಲಗಡೆ ಕಿಡ್ನಿ ತೆಗೆದರು. ಕ್ಯಾನ್ಸರ್ ಇತ್ತು. ಡಿಸ್ಚಾರ್ಜ್ ಆದ ದಿನ ಕೇಶ್ವಾಪುರದ ನಮ್ಮ ಮನೆಯಲ್ಲಿ ಎಲ್ಲರೂ ಬಿಲ್ ಹಿಡಿದು ಕೂತಿದ್ವಿ. ಕಾಕಾ ಒಂದು ಸಾಲಿನ ಮೇಲೆ ಬೆರಳಿಟ್ಟರು: ಆಪರೇಷನ್ ನಡುವೆ ಮಾಡಿದ ಅಲ್ಟ್ರಾಸೌಂಡ್. "ಸಿಟಿ ಸ್ಕ್ಯಾನ್ ಆಗೇತಿ, ಹೊಟ್ಟಿ ತೆರದು ಕಣ್ಣಿಗೇ ಕಾಣಾಕತ್ತೇತಿ, ಮತ್ತ್ಯಾಕ ಸ್ಕ್ಯಾನ್? ರೊಕ್ಕ ಹೊಡ್ಯಾಕ." ಅಜ್ಜಿಯದು ಬೇರೆಯೇ ಪ್ರಶ್ನೆ: "ಅದು ಬಸರಿ ಹೆಂಗಸರಿಗೆ ಮಾಡೋದಲ್ಲೇನೋ?"

ನಾನೂ ಕಾಕಾನ ಮಾತಿಗೆ ಹೂಂ ಅಂದೆ. ನಾವು ಹೇಳಿದ್ದು ತಪ್ಪು ಅಂತ ಈಗ ಅನಿಸುತ್ತೆ.

ಕಿಡ್ನಿ ಕ್ಯಾನ್ಸರಿಗೆ ಒಂದು ಕೆಟ್ಟ ಚಾಳಿ ಇದೆ. ಕೆಲವರಲ್ಲಿ ಅದು ಕಿಡ್ನಿಯ ರಕ್ತನಾಳದ ಒಳಗೇ ಬೆಳೆದು, ಹೃದಯಕ್ಕೆ ರಕ್ತ ವಾಪಸ್ ಒಯ್ಯುವ ದೊಡ್ಡ ಅಭಿಧಮನಿಯೊಳಗೆ ಬಾಲದ ಹಾಗೆ ಹಬ್ಬುತ್ತೆ. ಒಮ್ಮೊಮ್ಮೆ ಹೃದಯದವರೆಗೂ ಹೋಗುತ್ತೆ. ಸರ್ಜನ್ ಆ ಬಾಲದ ತುದಿಗಿಂತ ಮೇಲೆ ಕ್ಲಾಂಪ್ ಹಾಕಬೇಕು. ಕ್ಲಾಂಪ್ ಬಾಲದ ಮೇಲೇ ಬಿದ್ದರೆ ತುಂಡು ಕಿತ್ತು ಶ್ವಾಸಕೋಶಕ್ಕೆ ಹೋಗಿ ಟೇಬಲ್ ಮೇಲೇ ಜೀವ ಹೋಗಬಹುದು. ಹೊಟ್ಟೆ ತೆರೆದರೂ ನಾಳದ ಒಳಗಿನದು ಕಣ್ಣಿಗೆ ಕಾಣಲ್ಲ. ಸಿಟಿ ಅಂದ್ರೆ ಹಳೇ ಫೋಟೋ, ಅಜ್ಜನದು ಮೂರು ವಾರದ್ದು. ಅಷ್ಟರಲ್ಲಿ ಬಾಲ ಬೆಳೆದಿರಬಹುದು.

ಇನ್ನುಳಿದದ್ದು ನಾವು ಐದು ಮಾರ್ಕ್ಸಿಗೆ ಬಾಯಿಪಾಠ ಮಾಡಿದ ಫಿಸಿಕ್ಸ್. ದೇಹದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. 3 ಮೆಗಾಹರ್ಟ್ಸ್‌ನಲ್ಲಿ ತರಂಗದ ಉದ್ದ ಅರ್ಧ ಮಿಲಿಮೀಟರ್, 10ರಲ್ಲಿ 0.15. ಫ್ರೀಕ್ವೆನ್ಸಿ ಹೆಚ್ಚಾದಷ್ಟು ಚಿತ್ರ ಸ್ಪಷ್ಟ, ಆದ್ರೆ ತರಂಗ ಬೇಗ ಕ್ಷೀಣಿಸುತ್ತೆ. ಹೊರಗಿಂದ ನೋಡಿದ್ರೆ ಚರ್ಮ, ಕೊಬ್ಬು, ಕರುಳಿನ ಗ್ಯಾಸ್ ಎಲ್ಲ ಅಡ್ಡ. ಪ್ರೋಬನ್ನು ನೇರವಾಗಿ ನಾಳದ ಮೇಲೇ ಇಟ್ಟರೆ ಆ ಕಾಟ ಇಲ್ಲ. ಡಾಪ್ಲರ್ ಹಾಕಿದ್ರೆ ಬಾಲದ ಪಕ್ಕದಲ್ಲಿ ರಕ್ತ ಹರೀತಿದೆಯೋ ಇಲ್ವೋ ಅದೂ ಗೊತ್ತಾಗುತ್ತೆ. ಇದೇನು ಹೊಸ ಶೋಕಿ ಅಲ್ಲ. ಲಿವರ್ ಆಪರೇಷನ್ನಿನಲ್ಲಿ ಜಪಾನಿನ ಮಸಾತೋಶಿ ಮಕುಚಿ 1980ರ ದಶಕದಲ್ಲೇ ಹೀಗೆ ನೋಡಿ ಕತ್ತರಿಸ್ತಿದ್ರು.

ಅಜ್ಜನ ಡಿಸ್ಚಾರ್ಜ್ ಸಮ್ಮರಿಯಲ್ಲಿ ಎರಡು ಸಾಲಿತ್ತು: ಗಡ್ಡೆ ದೊಡ್ಡ ನಾಳಕ್ಕೆ ಇಳಿದಿತ್ತು, ಅಲ್ಟ್ರಾಸೌಂಡಿನಲ್ಲಿ ತುದಿ ನೋಡಿ ಮೇಲೆ ಕ್ಲಾಂಪ್ ಹಾಕಲಾಯಿತು. ನಾವ್ಯಾರೂ ಅದನ್ನ ಓದಿರಲಿಲ್ಲ, ಬಿಲ್ ಮಾತ್ರ ಓದಿದ್ವಿ.

ಆದರೂ ಪೂರ್ತಿ ತಪ್ಪು ನಮ್ಮದಲ್ಲ. ಸಹಿ ಹಾಕಿಸಿಕೊಂಡ ಫಾರ್ಮ್ ಪೂರಾ ಇಂಗ್ಲಿಷಿನಲ್ಲಿತ್ತು. "ನಾಳದೊಳಗ ಎಷ್ಟು ಹೋಗೇತಿ ನೋಡಬೇಕ್ರಿ" ಅಂತ ಕನ್ನಡದಲ್ಲಿ ಒಂದು ಮಾತು ಯಾರಾದ್ರೂ ಹೇಳಿದ್ದರೆ ಕಾಕಾಗೆ ಅನುಮಾನವೇ ಬರ್ತಿರಲಿಲ್ಲ. ಹೇಳೋದು ಸುಲಭ ಅಲ್ಲ, ಅದೂ ನಿಜ. ನಾನು ಅಜ್ಜಿಗೆ "ಅಭಿಧಮನಿ" ಅಂದಾಗ ಅವಳು ಸುಮ್ಮನೆ ನನ್ನ ಮುಖ ನೋಡಿದಳು. ಆಮೇಲೆ ನಳದ ಪೈಪಿನ ಮೇಲೆ ಹೋದೆ: ಮನಿ ಪೈಪಿನ್ಯಾಗಿನ ಕಸ ಮೇನ್ ಲೈನಿಗೆ ಹೊಕ್ಕರೆ ಏನಾಗ್ತದ ಅಂತ. ವಾರಕ್ಕೊಮ್ಮೆ ನೀರು ಕಾಯೋ ಹುಬ್ಬಳ್ಳಿಯವಳಿಗೆ ಪೈಪಿನ ವಿಷಯ ಯಾರೂ ಕಲಿಸಬೇಕಿಲ್ಲ.

"ಹಂಗಾರ ವಾಲ್ವ್ ಬಂದ್ ಮಾಡೋಕ್ಕಿಂತ ಮೊದ್ಲ ನೋಡಿದ್ರು ಅನ್ನು" ಅಂದಳು.

ಕಾಕಾ ಮಾತ್ರ ರೇಟ್ ಜಾಸ್ತಿ ಆತು ಅಂತಾನೇ ಇದ್ದಾರೆ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.