ಅಂಗಡಿಯ ಓಲೆಗೆ ವಿಷಯವೆಲ್ಲಿ?

ವ್ಯಾಪಾರವೆಂದರೆ ಪೇಟೆಬೀದಿಯಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಮಾಡತಕ್ಕ ಕೆಲಸವೆಂದು ತಿಳಿದಿದ್ದ ಕಾಲವು ಹಿಂದಾಯಿತು. ಹಪ್ಪಳ ಸಂಡಿಗೆಗಳನ್ನೂ, ಸಾರಿನ ಪುಡಿಯನ್ನೂ, ಹೊಲಿದ ಉಡುಪುಗಳನ್ನೂ ಮನೆಯಲ್ಲಿಯೇ ಸಿದ್ಧಪಡಿಸಿ ಮಾರುವವರು ನಮ್ಮ ವಾಚಕರಲ್ಲಿ ಅನೇಕರಿರುವರು. ಇಂಥವರಲ್ಲಿ ಕೆಲವರು ತಿಂಗಳಿಗೊಮ್ಮೆ ಒಂದು ಓಲೆಯನ್ನು ಅಚ್ಚುಮಾಡಿಸಿ ಸರಕಿನೊಡನೆ ಗಿರಾಕಿಗಳಿಗೆ ಕಳುಹಿಸುವ ಪದ್ಧತಿಯನ್ನಿಟ್ಟುಕೊಂಡಿರುವರು. ಪದ್ಧತಿಯೇನೋ ಒಳ್ಳೆಯದೇ. ಆದರೆ ಮೊದಲಿನ ಎರಡು ಮೂರು ತಿಂಗಳು ಉತ್ಸಾಹದಿಂದ ನಡೆದ ಈ ಕೆಲಸವು ಬಳಿಕ ಬಾವಿಯ ನೀರು ಬತ್ತಿದಂತೆ ನಿಂತುಹೋಗುವುದನ್ನು ನಾವು ಹಲವು ಕಡೆ ಕಂಡಿರುವೆವು.

ಶಿರಸಿಯ ಕಡೆಯ ಸೋದರಿಯೊಬ್ಬರು ಈ ವಿಷಯವಾಗಿ ನಮಗೆ ಬರೆದಿರುವರು. ಅವರು ಅಪ್ಪೆಮಿಡಿಯ ಉಪ್ಪಿನಕಾಯಿಯನ್ನು ಹಾಕಿ ಬೆಂಗಳೂರು ಮುಂಬಯಿಗಳವರೆಗೂ ಕಳುಹಿಸುತ್ತಿರುವರು. ಸಂಸಾರದ ಖರ್ಚಿನ ಬಹುಭಾಗವು ಈ ಭರಣಿಗಳ ಮೇಲೆಯೇ ನಿಂತಿದೆಯಂತೆ. ಕಳೆದ ವರ್ಷ ಹಳೆಯ ಮನೆಗಳು ಕೆಲವು ಬಿಟ್ಟುಹೋದುದರಿಂದ, ಸಂಬಂಧವು ಕಡಿಯದಿರಲೆಂದು ಓಲೆಯನ್ನು ಆರಂಭಿಸಿದರು. ಐದು ಓಲೆಗಳು ಹೊರಟುವು, ಆರನೆಯದಕ್ಕೆ ವಿಷಯವಿಲ್ಲ. ಅಣ್ಣನ ಮಗನು, "ಅತ್ತೆ, ಗಣಕಯಂತ್ರಕ್ಕೆ ಹೇಳಿದರೆ ಕ್ಷಣದಲ್ಲಿ ಬರೆದುಕೊಡುತ್ತದೆ, ನೀವೇಕೆ ಒದ್ದಾಡುತ್ತೀರಿ?" ಎಂದನಂತೆ. ಯಂತ್ರವು ಬರೆದುಕೊಟ್ಟುದನ್ನು ಓದಿ ನೋಡಿದಾಗ ಅದು ಯಾವ ಊರಿನ ಯಾವ ಅಂಗಡಿಗಾದರೂ ಸಲ್ಲುವಂತಿತ್ತೆಂದೂ, ಅದರಲ್ಲಿ ತಮ್ಮ ಮನೆಯ ವಾಸನೆಯೇ ಇರಲಿಲ್ಲವೆಂದೂ ಬರೆಯುವರು. ಈ ದೀಪಾವಳಿಯೊಳಗೆ ದಾರಿ ಕಾಣದಿದ್ದರೆ ಅಚ್ಚಿನ ಖರ್ಚನ್ನಾದರೂ ಉಳಿಸೋಣವೆಂಬುದು ಅವರ ನಿಶ್ಚಯ.

ಆ ಐದು ಓಲೆಗಳನ್ನೂ ಅವರು ನಮಗೆ ಕಳುಹಿಸಿರುವರು. ಮೊದಲನೆಯದರಲ್ಲಿ ವಂದನೆಗಳೂ ಬೆಲೆಯ ಪಟ್ಟಿಯೂ. ಎರಡನೆಯದರಲ್ಲಿ ಹಬ್ಬದ ಶುಭಾಶಯ. ಮೂರನೆಯದರಲ್ಲಿ ತಮ್ಮ ಉಪ್ಪಿನಕಾಯಿಯು ಶುದ್ಧವೂ ರುಚಿಕರವೂ ಆದುದೆಂಬ ಮಾತು. ನಾಲ್ಕು ಐದರಲ್ಲಿ ಅದೇ ಮಾತು ಬೇರೆ ಶಬ್ದಗಳಲ್ಲಿ. ತನ್ನ ಸರಕು ಚೆನ್ನಾಗಿದೆಯೆಂದು ಯಾವ ವರ್ತಕನು ಹೇಳುವುದಿಲ್ಲ? ಇದನ್ನು ಎಷ್ಟು ಸಲ ಹೇಳಬಹುದು? ಐದು ಸಲಕ್ಕೇ ಮುಗಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ಪತ್ರದ ಕೊನೆಯಲ್ಲಿ ಆಕೆಯವರು ಬೇಸರದಿಂದ ಬರೆದಿರುವ ಒಂದು ವಾಕ್ಯವು ನಮ್ಮ ಕಣ್ಣನ್ನು ಹಿಡಿದು ನಿಲ್ಲಿಸಿತು. ಗಿರಾಕಿಗಳು ದೂರವಾಣಿಯಲ್ಲಿ ಕೇಳಿದುದನ್ನೇ ಕೇಳುವರು, ಅವರಿಗೆ ಉತ್ತರ ಹೇಳುವುದರಲ್ಲಿಯೇ ಹೊತ್ತು ಕಳೆದು, ಓಲೆಗೆ ಏನು ಬರೆಯಲೆಂದು ಯೋಚಿಸಲು ಬಿಡುವೇ ಸಿಕ್ಕುವುದಿಲ್ಲ ಎಂಬುದು ಆ ವಾಕ್ಯ. ನೀರಿಗಾಗಿ ಹೊರಟವಳು ತುಂಬಿದ ಕೊಡವನ್ನು ಕಂಕುಳಲ್ಲಿಟ್ಟುಕೊಂಡೇ ಬಾವಿಯನ್ನು ಹುಡುಕಿದಂತಾಯಿತಲ್ಲವೆ?

ಈ ಸಂದರ್ಭದಲ್ಲಿ ಅಮೆರಿಕ ದೇಶದ ಒಂದು ವೃತ್ತಾಂತವನ್ನು ಹೇಳಬೇಕಾಗಿದೆ. 1921ನೆಯ ಇಸವಿಯಲ್ಲಿ ಮಿನಿಯಾಪೊಲಿಸ್ ನಗರದ ವಾಷ್‌ಬರ್ನ್ ಕ್ರಾಸ್ಬಿ ಎಂಬ ಗೋದಿಹಿಟ್ಟಿನ ಕಂಪೆನಿಯವರು ವಾರಪತ್ರಿಕೆಯೊಂದರಲ್ಲಿ ಚಿತ್ರದ ತುಂಡುಗಳನ್ನು ಅಚ್ಚುಹಾಕಿಸಿ, ಅವುಗಳನ್ನು ಸರಿಯಾಗಿ ಜೋಡಿಸಿ ಕಳುಹಿಸಿದವರಿಗೆ ಹಿಟ್ಟಿನ ಚೀಲದ ಆಕಾರದ ಸೂಜಿಮೆತ್ತೆಯನ್ನು ಬಹುಮಾನವಾಗಿ ಕೊಡುವೆವೆಂದು ಪ್ರಕಟಿಸಿದರು. ಸುಮಾರು 30,000 ಉತ್ತರಗಳು ಬಂದುವು. ಅವುಗಳ ಜೊತೆಗೆ, ಯಾರೂ ಕೇಳದಿದ್ದರೂ, ನೂರಾರು ಗೃಹಿಣಿಯರು ತಮ್ಮ ಅಡುಗೆಮನೆಯ ಕಷ್ಟಗಳನ್ನು ಬರೆದು ಕಳುಹಿಸಿದ್ದರು. ರೊಟ್ಟಿಯ ಹಿಟ್ಟನ್ನು ಎಷ್ಟು ಹೊತ್ತು ನಾದಬೇಕು? ಹಣ್ಣಿನ ಕಡುಬನ್ನು ಮಾಡುವ ಕ್ರಮವೇನು? ಇಂಥವೇ ಪ್ರಶ್ನೆಗಳು. ಕಂಪೆನಿಯವರು ಆ ಕಾಗದಗಳನ್ನು ಕಸದ ಬುಟ್ಟಿಗೆ ಹಾಕದೆ ಒಂದೊಂದಕ್ಕೂ ಉತ್ತರ ಬರೆಯಿಸಿದರು. ಗಂಡಸರ ಹೆಸರಿನಲ್ಲಿ ಅಡುಗೆಯ ಉಪದೇಶವು ಹೋಗುವುದು ಸರಿಯಲ್ಲವೆಂದು ತೋರಿ, ನಿವೃತ್ತರಾಗಿದ್ದ ನಿರ್ದೇಶಕರೊಬ್ಬರ ಮನೆತನದ ಹೆಸರಿಗೆ ಮುದ್ದಾದ ಹೆಣ್ಣುಹೆಸರೊಂದನ್ನು ಸೇರಿಸಿ 'ಬೆಟ್ಟಿ ಕ್ರಾಕರ್' ಎಂಬ ಸಹಿಯನ್ನು ಸೃಷ್ಟಿಸಿದರು. ಆ ಸಹಿಯನ್ನು ಯಾರ ಕೈಬರಹದಲ್ಲಿ ಇಡಬೇಕೆಂದು ಕಚೇರಿಯ ಹೆಣ್ಣುಮಕ್ಕಳಲ್ಲಿಯೇ ಪಂದ್ಯವನ್ನು ಏರ್ಪಡಿಸಿದ್ದರಂತೆ. 1924ರಲ್ಲಿ ಆ ಹೆಸರಿನಲ್ಲಿ ರೇಡಿಯೋವಿನ ಅಡುಗೆಪಾಠಗಳು ಆರಂಭವಾದುವು. 1950ರಲ್ಲಿ ದೊಡ್ಡ ಪಾಕಗ್ರಂಥವೊಂದು ಹೊರಬಂದು ಮನೆಮನೆಯನ್ನು ಸೇರಿತು. ಇಲ್ಲದ ಹೆಂಗಸನ್ನು ಇರುವಂತೆ ನಂಬಿಸಿದುದು ನಮಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ನಮ್ಮ ಶಿರಸಿಯ ಸೋದರಿಯವರು ತಮ್ಮ ಸ್ವಂತ ಹೆಸರಿನಲ್ಲಿಯೇ ಬರೆಯಲಿ. ಆದರೆ ಅಷ್ಟು ವರ್ಷ ನಡೆದ ಬರವಣಿಗೆಗೆ ಮೊದಲಿನ ಬೀಜವನ್ನು ಕೊಟ್ಟವರು ಹಿಟ್ಟನ್ನು ಕೊಂಡವರೇ ಎಂಬುದನ್ನು ಗಮನಿಸಬೇಕು.

ಈಗ ಅಪ್ಪೆಮಿಡಿಯ ಪ್ರಶ್ನೆಗಳನ್ನೇ ತೆಗೆದುಕೊಳ್ಳೋಣ. ಬೇಸರದ ನಡುವೆಯೇ ಆಕೆಯವರು ನಾಲ್ಕನ್ನು ಬರೆದಿರುವರು. ಮಿಡಿಯು ಏಕೆ ಇಷ್ಟು ಸುಕ್ಕಾಗಿದೆ, ಹಳೆಯ ಸರಕೋ? ಪೇಟೆಯ ಉಪ್ಪಿನಕಾಯಿಯಂತೆ ಮೇಲೆ ಎಣ್ಣೆಯೇಕಿಲ್ಲ? ರಸದ ಮೇಲೆ ಬಿಳಿಯ ಬೂಷ್ಟು ಏಕೆ ಬಂದಿತು? ಬೆಲೆಯೇಕೆ ಇಷ್ಟು ಹೆಚ್ಚು?

ಸುಕ್ಕಿನ ಪ್ರಶ್ನೆಯೊಂದೇ ಒಂದು ಓಲೆಗೆ ಸಾಕು. ತೊಟ್ಟು ಮುರಿದು ಸೊನೆಯು ಸೋರಿಹೋಗದಂತೆ ಅರ್ಧ ಅಂಗುಲದಷ್ಟು ತೊಟ್ಟನ್ನು ಉಳಿಸಿಕೊಂಡು ಮಿಡಿಯನ್ನು ಆರಿಸುವುದು, ಹರಳುಪ್ಪಿನೊಡನೆ ಪದರಪದರವಾಗಿ ಭರಣಿಗೆ ತುಂಬುವುದು, ದಿನವೂ ಮೇಲುಕೆಳಗು ಮಾಡುವುದು, ಉಪ್ಪು ಮಿಡಿಯೊಳಗಿನ ನೀರನ್ನು ಹೊರಗೆಳೆದು ಅದು ಚಿರುಟಿಕೊಳ್ಳುವುದು, ಆ ಉಪ್ಪುನೀರನ್ನೇ ಕುದಿಸಿ ಆರಿಸಿ ಸಾಸಿವೆ ಮೆಣಸಿನಕಾಯಿಗಳನ್ನು ಅದರಲ್ಲಿ ಅರೆದು ಬೆರಸುವುದು, ಇವೆಲ್ಲವೂ ಮಲೆನಾಡಿನ ಮನೆಗಳಲ್ಲಿ ಮಕ್ಕಳಿಗೂ ತಿಳಿದ ವಿಷಯಗಳು. ಆದುದರಿಂದಲೇ ಇವುಗಳನ್ನು ಬರೆಯಬಹುದೆಂದು ಆಕೆಗೆ ಹೊಳೆದಿಲ್ಲ. ಮುಂಬಯಿಯ ಮೂರನೆಯ ಅಂತಸ್ತಿನಲ್ಲಿ ಕುಳಿತು ಭರಣಿಯ ಮುಚ್ಚಳವನ್ನು ತೆಗೆಯುವ ಗೃಹಿಣಿಗಾದರೋ ಸುಕ್ಕೆಂದರೆ ಹಳತು. ಸುಕ್ಕೇ ಉಪ್ಪು ಚೆನ್ನಾಗಿ ಹಿಡಿದುದರ ಗುರುತೆಂದು ಒಮ್ಮೆ ತಿಳಿದರೆ ಆಕೆಯು ಮುಂದಿನ ವರ್ಷ ನುಣುಪಾದ ಮಿಡಿಯನ್ನು ಕಂಡಾಗ ತಾನೇ ಪ್ರಶ್ನಿಸುವಳು. ನಮಗೆ ಬಳಕೆಯಿಂದ ಸವೆದುಹೋದ ಸಂಗತಿಯು ಕೊಳ್ಳುವವರಿಗೆ ಹೊಸದಾಗಿರುವುದೆಂಬ ಈ ಒಂದು ಅಂಶವನ್ನು ಹಿಡಿದುಕೊಂಡರೆ ವಿಷಯದ ಬರವು ಅರ್ಧ ತೀರಿತೆಂದೇ ತಿಳಿಯಬೇಕು.

ಎಣ್ಣೆಯ ಪ್ರಶ್ನೆಯೂ ಹಾಗೆಯೇ. ಬೂಷ್ಟಿನದು ಸ್ವಲ್ಪ ಸೂಕ್ಷ್ಮ. ಅದು ದೂರಿನ ರೂಪದಲ್ಲಿ ಬರುವುದರಿಂದ ಮುಚ್ಚಿಡೋಣವೆಂದು ಮನಸ್ಸಾಗುವುದು ಸಹಜ. ಆದರೆ ಒದ್ದೆಯ ಚಮಚವನ್ನು ಹಾಕಿದುದರಿಂದಲೋ, ಉಪ್ಪು ಸಾಲದೆ ಹೋದುದರಿಂದಲೋ, ಮಿಡಿಗಳು ರಸದಿಂದ ಮೇಲಕ್ಕೆದ್ದು ಗಾಳಿಗೆ ಒಡ್ಡಿಕೊಂಡುದರಿಂದಲೋ ಅದು ಬರುವುದೆಂದು ಮೊದಲೇ ಬರೆದು ಕಳುಹಿಸಿದರೆ, ಎಷ್ಟು ಭರಣಿಗಳು ಉಳಿದಾವು!

ಉಳಿದುದು ಬೆಲೆಯ ಪ್ರಶ್ನೆ. ಇದನ್ನು ಕೇಳಿದಾಗ ತಮಗೆ ನಾಚಿಕೆಯಾಗಿ ಮಾತನ್ನು ಬೇರೆ ಕಡೆಗೆ ತಿರುಗಿಸುವೆವೆಂದು ಆಕೆಯವರು ಬರೆದಿರುವರು. ಬಹುಮಂದಿ ವರ್ತಕರ ಸ್ವಭಾವವು ಇದೇ. ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತಲೂ ಮೊದಲು ಬರೆಯಬೇಕಾದುದು ಇದನ್ನೇ. ಇದಕ್ಕೆ ಈಚಿನ ಉದಾಹರಣೆಯೊಂದುಂಟು. ಅಮೆರಿಕದ ವರ್ಜೀನಿಯ ಪ್ರಾಂತದಲ್ಲಿ ಮಾರ್ಕಸ್ ಶೆರಿಡನ್ ಎಂಬಾತನು ಪಾಲುಗಾರರೊಡನೆ ಮನೆಗಳ ಹಿತ್ತಿಲಿನಲ್ಲಿ ಈಜುಕೊಳಗಳನ್ನು ಕೂಡಿಸಿಕೊಡುವ ವ್ಯಾಪಾರವನ್ನು ನಡೆಸುತ್ತಿದ್ದನು. 2008ರ ಹಣಕಾಸಿನ ಮುಗ್ಗಟ್ಟಿನಲ್ಲಿ ಕೊಳ ಬೇಕೆನ್ನುವವರೇ ಇಲ್ಲವಾಗಿ ಸಂಸ್ಥೆಯು ಮುಳುಗುವ ಸ್ಥಿತಿಗೆ ಬಂದಿತು. ಮರುವರ್ಷ ಆತನು ಮಾಡಿದುದಿಷ್ಟೆ: ಗಿರಾಕಿಗಳು ಅದುವರೆಗೆ ತನ್ನನ್ನು ಕೇಳಿದ್ದ ಪ್ರಶ್ನೆಗಳನ್ನೆಲ್ಲ ಬರೆದಿಟ್ಟುಕೊಂಡು ಒಂದೊಂದಕ್ಕೂ ಉತ್ತರವನ್ನು ಪ್ರಕಟಿಸತೊಡಗಿದನು. ಅವುಗಳಲ್ಲಿ ಮುಖ್ಯವಾದುದು, ಒಂದು ಕೊಳಕ್ಕೆ ಖರ್ಚೆಷ್ಟು ಎಂಬುದು. ಕೊಳದ ಅಳತೆ, ಸುತ್ತಲಿನ ಕೆಲಸ, ಜೊತೆಗೆ ಬೇಕೆನ್ನುವ ಸೌಕರ್ಯಗಳು, ಇವುಗಳಿಂದ ಬೆಲೆಯು ಹೇಗೆ ಏರಿಳಿಯುವುದೆಂದು ಆತನು ಮರೆಮಾಚದೆ ಬರೆದನು. ಅಷ್ಟೇ ಅಲ್ಲ, ತಾನು ಮಾರುತ್ತಿದ್ದ ಫೈಬರ್‌ಗ್ಲಾಸಿನ ಕೊಳಗಳ ಕುಂದುಕೊರತೆಗಳನ್ನೂ ತಾನೇ ಬರೆದನು. ಬೆಲೆಯನ್ನು ಕುರಿತ ಆ ಒಂದು ಲೇಖನದಿಂದಲೇ ಹತ್ತು ಲಕ್ಷ ಡಾಲರಿಗೂ ಮೀರಿದ ವ್ಯಾಪಾರವಾಯಿತೆಂದು ಆತನ ಹೇಳಿಕೆ. ವ್ಯಾಪಾರವಂತೂ ಉಳಿಯಿತು. 2017ರಲ್ಲಿ ಆತನು ಈ ಕ್ರಮವನ್ನೇ ಕುರಿತು ಒಂದು ಗ್ರಂಥವನ್ನು ಹೊರತಂದನು.

ಅಪ್ಪೆಮಿಡಿಯ ಬೆಲೆಗೂ ಕಾರಣಗಳಿಲ್ಲವೆ? ಮರಗಳು ಹೊಳೆಹಳ್ಳಗಳ ಅಂಚಿನಲ್ಲಿ ಕಾಡಿನ ನಡುವೆ ಬೆಳೆಯುವುವು. ಒಂದು ವರ್ಷ ಜಗ್ಗಿದ ಮರವು ಮರುವರ್ಷ ಬರಿದಾಗಿ ನಿಲ್ಲುವುದುಂಟು. ಎತ್ತರದ ಮರವನ್ನು ಹತ್ತುವವರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿರುವರು. ಮಿಡಿಯು ನೆಲಕ್ಕೆ ಬಿದ್ದು ಪೆಟ್ಟಾದರೆ ಕೊಳೆಯುವುದರಿಂದ ಜೋಪಾನವಾಗಿ ಇಳಿಸಬೇಕು. ಕೊಂಡುದು ಎಣಿಕೆಯ ಲೆಕ್ಕದಲ್ಲಿ. ಉಪ್ಪಿನಲ್ಲಿ ಕುಗ್ಗಿದ ಮೇಲೆ ತುಂಬಿದ ಭರಣಿಯು ಇಳಿದುಹೋಗುವುದು. ಕೆಲವರು ಮಿಡಿಯ ಆಸೆಗೆ ಕೊಂಬೆಗಳನ್ನೇ ಕಡಿದುಹಾಕುವುದರಿಂದ ಮರಗಳೇ ನಾಶವಾಗುತ್ತಿವೆ. ಹಾಗೆ ಕಡಿದು ತಂದ ಮಿಡಿಯನ್ನು ಆಕೆಯವರು ಕೊಳ್ಳುವುದಿಲ್ಲವಂತೆ. ಈ ಮಾತನ್ನು ನಮಗೆ ಬರೆದರು, ಗಿರಾಕಿಗಳಿಗೆ ಬರೆಯಲಿಲ್ಲ! ನೂರು ಮಿಡಿಗೆ ಕೊಟ್ಟುದೆಷ್ಟು, ಕೂಲಿಯೆಷ್ಟು, ಭರಣಿಗೂ ಅಂಚೆಗೂ ತಗಲಿದುದೆಷ್ಟು, ತಮಗುಳಿದುದೆಷ್ಟು ಎಂದು ಅಂಕಿಗಳನ್ನೇ ಕೊಟ್ಟು ಬರೆಯಲಿ. ಓದಿ ಕೆಲವರು ಬಿಟ್ಟುಹೋಗಬಹುದು. ಅಗ್ಗದ ಸರಕೇ ಬೇಕೆನ್ನುವವರು ಓಲೆಯಿಲ್ಲದಿದ್ದರೂ ಹೋಗತಕ್ಕವರೇ.

ಸರಕನ್ನು ಬಿಟ್ಟು ಬೇರೆ ಮಾತನ್ನು ಆಡಬಹುದೋ ಎಂಬ ಸಂಶಯವು ಕೆಲವರಿಗಿರುವುದು. ಧಾರಾಳವಾಗಿ ಆಡಬಹುದು. ನೇಗಿಲುಗಳಿಗೆ ಹೆಸರಾದ ಅಮೆರಿಕದ ಡೀರ್ ಕಂಪೆನಿಯವರು 1895ರಲ್ಲಿ ರೈತರಿಗಾಗಿ 'ದಿ ಫರೋ', ಅಂದರೆ ನೇಗಿಲಸಾಲು, ಎಂಬ ಪತ್ರಿಕೆಯನ್ನು ಆರಂಭಿಸಿದರು. ಅದು ಇಂದಿಗೂ ಹಲವು ಭಾಷೆಗಳಲ್ಲಿ ನಡೆಯುತ್ತಿದೆ. ಅದರಲ್ಲಿ ಬೇಸಾಯದ ಮಾತು ಹೆಚ್ಚು, ಕಂಪೆನಿಯ ಯಂತ್ರಗಳ ಮಾತು ಕಡಿಮೆ. ಫ್ರಾನ್ಸಿನ ಮಿಷೆಲಿನ್ ಸೋದರರು ಮಾರುತ್ತಿದ್ದುದು ಗಾಡಿಚಕ್ರದ ರಬ್ಬರು ಟೈರುಗಳನ್ನು; ಆದರೆ 1900ರಲ್ಲಿ ಅವರು ಉಚಿತವಾಗಿ ಹಂಚಿದ ಕೈಪಿಡಿಯ 35,000 ಪ್ರತಿಗಳಲ್ಲಿ ಎಲ್ಲಿ ಪೆಟ್ರೋಲು ಸಿಕ್ಕುವುದು, ಎಲ್ಲಿ ಗಾಡಿಯನ್ನು ದುರಸ್ತಿ ಮಾಡುವವರಿರುವರು, ರಾತ್ರಿ ಎಲ್ಲಿ ತಂಗಬಹುದು ಎಂಬಿವೇ ಮೊದಲಾದ ವಿವರಗಳಿದ್ದುವು. ಗಾಡಿಯು ಊರೂರು ತಿರುಗಿದರಲ್ಲವೆ ಟೈರು ಸವೆಯುವುದು? ಹೀಗೆಯೇ ಉಪ್ಪಿನಕಾಯಿ ಮಾರುವವರು ಮೊಸರನ್ನದ ಮಾತನ್ನೂ, ಉಳಿದ ರಸದಿಂದ ಗೊಜ್ಜು ಮಾಡುವ ಬಗೆಯನ್ನೂ, ಹೊಳೆಯಂಚಿನ ಮರಗಳ ವಿಷಯವನ್ನೂ ಬರೆದರೆ ಅದು ವ್ಯಾಪಾರಕ್ಕೆ ಹೊರಗಿನದಾಗದು. ರಾಜಕೀಯದ ಚರ್ಚೆಯನ್ನೂ ರೋಗಗಳಿಗೆ ಮದ್ದಿನ ಮಾತನ್ನೂ ಮಾತ್ರ ಬಿಡುವುದು ಲೇಸು. ಉಪ್ಪಿನಕಾಯಿಯು ಯಾವ ರೋಗವನ್ನೂ ಗುಣಪಡಿಸಬೇಕಾಗಿಲ್ಲ.

ಮಾಡತಕ್ಕ ಕೆಲಸವು ಬಹಳ ಸ್ವಲ್ಪ. ದೂರವಾಣಿಯ ಬಳಿ ಒಂದು ಪುಸ್ತಕವನ್ನೂ ಪೆನ್ಸಿಲನ್ನೂ ಇಡಬೇಕು. ಯಾರು ಏನನ್ನು ಕೇಳಿದರೂ ಅವರ ಮಾತಿನಲ್ಲಿಯೇ, ತಿದ್ದದೆ, ತಾರೀಖಿನೊಡನೆ ಬರೆದಿಡಬೇಕು. ತಿದ್ದದೆ ಎಂದು ನಾವು ಒತ್ತಿ ಹೇಳುವುದಕ್ಕೆ ಕಾರಣವುಂಟು: "ಹಳೆಯ ಸರಕೋ?" ಎಂಬ ಪ್ರಶ್ನೆಯನ್ನು "ಗುಣಮಟ್ಟದ ವಿಚಾರ" ಎಂದು ಬರೆದಿಟ್ಟರೆ ತಿಂಗಳ ಕೊನೆಯಲ್ಲಿ ಅದರಿಂದ ಏನೂ ಹುಟ್ಟದು. ಮೂರು ಮನೆಗಳವರು ಕೇಳಿದ ಪ್ರಶ್ನೆಯನ್ನು ಕೇಳದೆ ಸುಮ್ಮನಿದ್ದವರು ಮೂವತ್ತು ಮನೆಗಳಲ್ಲಿರುವರೆಂದು ಭಾವಿಸಿ ಅದನ್ನು ಓಲೆಗೆ ಆರಿಸಿಕೊಳ್ಳಬಹುದು. ಪ್ರಶ್ನೆ ಕೇಳಿದವರ ಹೆಸರನ್ನು ಅವರ ಒಪ್ಪಿಗೆಯಿಲ್ಲದೆ ಅಚ್ಚುಮಾಡಿಸಕೂಡದು. ಹಾಗೆಯೇ, ವ್ಯಾಪಾರವನ್ನು ಬಿಟ್ಟುಹೋದ ಮನೆಗಳಿಗೆ ಒಂದು ಕಾರ್ಡನ್ನು ಬರೆದು ಕಾರಣವನ್ನು ಕೇಳುವುದು ಒಳ್ಳೆಯದು. ಉತ್ತರ ಬಂದುದು ನಾಲ್ಕೇ ಆದರೂ ಆ ನಾಲ್ಕು ಬಹಳ ಬೆಲೆಯುಳ್ಳವು. ಓದುವವರಿಗೆ ಹೇಳುವ ಹೊಸ ಮಾತಿಲ್ಲದ ತಿಂಗಳಿನಲ್ಲಿ ಓಲೆಯನ್ನು ಕಳುಹಿಸದಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಅಣ್ಣನ ಮಗನ ಯಂತ್ರವನ್ನು ತೀರ ದೂರವಿಡಬೇಕೆಂದು ನಮ್ಮ ಹಠವಿಲ್ಲ. ಪುಸ್ತಕದಲ್ಲಿ ಬರೆದಿಟ್ಟ ಪ್ರಶ್ನೆಗಳನ್ನು ವಿಂಗಡಿಸುವುದಕ್ಕೂ ಕಾಗುಣಿತವನ್ನು ನೋಡುವುದಕ್ಕೂ ಅದು ಉಪಯೋಗಕ್ಕೆ ಬಂದೀತು. ಮರವನ್ನು ಹತ್ತುವವನ ಮಾತನ್ನು ಅದು ಕೇಳಿಲ್ಲ, ಆಕೆಯವರು ಕೇಳಿರುವರು.

ಕ್ರಮವನ್ನು ಕೇಳಿರುವುದರಿಂದ ಹೇಳುವೆವು. ಮಿಡಿಯು ಮರದಿಂದ ಇಳಿಯುವುದು ಫೆಬ್ರವರಿ ಮಾರ್ಚಿಯ ಹೊತ್ತಿಗೆ. ಬೆಲೆಯ ಓಲೆಯು ಆಗ ಹೋಗಲಿ, ಅಂಕಿಗಳೂ ಆಗ ಕೈಯಲ್ಲಿರುವುವು. ಸುಕ್ಕಿನ ಓಲೆಯು ಹೊಸ ಭರಣಿಗಳ ಜೊತೆಯಲ್ಲಿಯೇ ಇರಲಿ. ಬೂಷ್ಟಿನದು ಮಳೆಗಾಲಕ್ಕೆ ಮುಂಚೆ, ಮೇ ತಿಂಗಳ ಕೊನೆಯೊಳಗೆ ತಲಪಬೇಕು. ಈ ದೀಪಾವಳಿಗೆ ಎಣ್ಣೆಯ ಪ್ರಶ್ನೆಯನ್ನು ಎತ್ತಿಕೊಳ್ಳಬಹುದು. ಒಂದು ಪುಟವನ್ನು ಮೀರದಿರಲಿ, ಕೆಳಗೆ ನಾಲ್ಕು ಗೆರೆಗಳಷ್ಟು ಸ್ಥಳವನ್ನು ಬರಿದಾಗಿ ಬಿಟ್ಟು, ಗಿರಾಕಿಗಳು ತಮ್ಮ ಪ್ರಶ್ನೆಯನ್ನು ಬರೆದು ಹಿಂದಕ್ಕೆ ಕಳುಹಿಸಬಹುದೆಂದು ಸೂಚಿಸಲಿ.